ಸಂಜಿ ಪಾಳಿ

ಮಂಚ ಗ್ವಾಡಿಗೆ ಸರಿಸಿ ಮೊಮ್ಮಗಳು ಸಾನಿಕಾ
ನನ್ನ ಕಣ್ಣಿಗೆ ಆ ಡಬ್ಬಿ ಕಟ್ಟಿ, ಕೈಗೆ ಹಿಡಿ ಕೊಟ್ಟಳು.
‘ಕೆಂಪು ಎಡಗೈಲೆ, ನೀಲಿ ಬಲಗೈಲೆ ಹೊಡಿ ಮುತ್ಯಾ,
ಸಕ್ಕರಿ ಇಳೀತದ.’

ಸೋಲಾಪುರ ಅಳಿಸಿಹೋತು.
ಕತ್ತಲಾಗ ಪೆಟ್ಟಿಗಿ ತಾಳ ಹಿಡದು ಬರ್ತಾವ,
ಖಟ್, ಖಟಾ, ಖಟ್.
ಮೂವತ್ತೊಂದು ವರ್ಷ ಮಗ್ಗದ ಮುಂದ ನಿಂತ ಕಾಲಿಗೆ
ಇದನ್ನ ಯಾರು ಕಲಿಸಬೇಕು?
ಬಗ್ಗತೀನಿ, ಏಳತೀನಿ,
ಲಾಳಿ ಹಂಗ ಆಕಡಿಂದ ಈಕಡಿ.

ಒಂದು ನೀಲಿ ತಪ್ಪಿತು.
ಕೈ ತಟ್ಟನ ಮುಂದ ಹೋಗಿ
ಹರಿದ ಎಳಿ ಹುಡುಕಿ, ಬೆರಳು ಹೊಸೆದು,
ಗಾಳಿಗಿ ಗಂಟು ಹಾಕಿತು.
‘ಏನ ಮಾಡ್ತಿ ಮುತ್ಯಾ?’ ನಕ್ಕಳು.

ಬೆವರು ಒರಸಿಕೊಂಡು ಕೇಳಿದೆ:
ಇಷ್ಟೊತ್ತಿನಾಗ ಎಷ್ಟು ಟವೆಲ್ ಆದ್ವು?
ಅಂಕಿ ಓದಿದಳು, ಎಂಟು ಲಕ್ಷ ಚಿಲ್ಲರ.
ಮಾಲಕಗ ಹೇಳಬ್ಯಾಡ, ಅಂದೆ.