ಹಲ್ಲಿಗೆ ಕೇಳಿದ್ದು

ಕೈಮರದ ಚೆಕ್‌ಪೋಸ್ಟ್ ದಾಟಿ ಮೂರನೇ ತಿರುವು.
ಎದ್ದು ನಿಂತು ತುಳಿದೆ.
ಪೆಡಲ್ಲು ಹೋಯಿತು, ಸೈಕಲ್ಲು ಹೋಗಲಿಲ್ಲ.
ಕತ್ತಲಲ್ಲಿ, ಇಲ್ಲದ ಮೆಟ್ಟಿಲಿಗೆ
ಕಾಲಿಟ್ಟ ಹಾಗೆ
ಒಂದು ಕ್ಷಣ ಪಾದದಡಿ ಏನೂ ಇರಲಿಲ್ಲ;
ಆಮೇಲೆ ಮೊಣಕಾಲಿಗೆ ಹ್ಯಾಂಡಲ್ ಇತ್ತು.

ಇಳಿಜಾರಿಗೆ ಅದಕ್ಕೆ ನನ್ನ ಹಂಗಿಲ್ಲ.
ಊರಿನ ತನಕ ಉರುಳಿಕೊಂಡೇ ಬಂತು
ಏನೂ ಮಾಡದವರ ಹಾಗೆ.

ಎರಡು ತಿಂಗಳಿಂದ ಇದೇ ಕತೆ.
ಮೊದಲು ಚೈನು ಅಂದರು, ಚೈನು ಬದಲಾಯಿತು.
ಆಮೇಲೆ ಕ್ಯಾಸೆಟ್ ಅಂದರು, ಎರಡು ಸಾವಿರದ ಇನ್ನೂರು.
ಗೇರಿನ ವೈರು ಬಿಗಿ ಮಾಡಿದ ಹುಡುಗನೊಬ್ಬ
ನನ್ನನ್ನು ಮೇಲಿಂದ ಕೆಳಗೆ ನೋಡಿ
"ನಿಮ್ಮ ತೂಕ ಎಷ್ಟು ಮೇಡಂ?" ಅಂದ.
ಹತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ
ಪೀಟಿ ಮಾಡಿಸುವವಳು ನಾನು,
ಒಂದು ವಿಶಲ್‌ಗೆ ನೂರಿಪ್ಪತ್ತು ಮಕ್ಕಳು ನಿಲ್ಲುತ್ತಾರೆ.
ದುಡ್ಡು ಕೊಟ್ಟು ಸುಮ್ಮನೆ ಬಂದೆ.

ಉಪ್ಪಳ್ಳಿಯ ಸಿಲ್ವೆಸ್ಟರನ ಅಂಗಡಿಗೆ ಬೋರ್ಡಿಲ್ಲ.
ಕಾಫಿ ಕ್ಯೂರಿಂಗಿನಲ್ಲಿ, ಸಿಪ್ಪೆ ಸುಲಿಯುವ ಮಿಷನ್ನಿನ ಪಕ್ಕ
ಇಪ್ಪತ್ತೇಳು ವರ್ಷ ನಿಂತು
ಕಿವಿಯನ್ನು ಅಲ್ಲೇ ಬಿಟ್ಟು ಬಂದವನು.
ಕೂಗಿ ಹೇಳಿದೆ: ಚೈನು ಹೊಸದು, ಕ್ಯಾಸೆಟ್ ಹೊಸದು...
ಕೈ ಅಡ್ಡ ಹಿಡಿದ.
"ನೀವು ಹೇಳ್ಬೇಡಿ. ಅದು ಹೇಳ್ಲಿ."

ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ
ಉದ್ದ ಸ್ಕ್ರೂಡ್ರೈವರಿನ ತುದಿಯನ್ನು
ಹಿಂದಿನ ಆಕ್ಸಲಿಗೆ ಒತ್ತಿ,
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ,
ಚಕ್ರ ತಿರುಗಿಸಿ ಕಣ್ಣು ಮುಚ್ಚಿದ.
ನನಗೆ ಕೇಳಿದ್ದು ದಿನಾ ಕೇಳುವ ಟಿಕಿಟಿಕಿಟಿಕಿ.
ಅವನ ದವಡೆಯ ಮೂಳೆಗೆ ಬೇರೇನೋ.

"ತೆಳ್ಳಗಿದೆ ಸದ್ದು.
ಒಳಗೆ ಮೂರು ನಾಯಿ ಇರ್ತಾವೆ,
ಚಕ್ರದ ಹಲ್ಲು ಕಚ್ಚಿ ಎಳೆಯೋ ನಾಯಿ.
ಒಂದೂವರೆ ಬೊಗಳ್ತಿದೆ.
ಬೊಗಳೋ ನಾಯಿ ಕಚ್ಚಲ್ಲ ಅಂತಾರಲ್ಲ,
ಹಬ್ಬಿನೊಳಗೆ ಹಾಗಲ್ಲ,
ಬೊಗಳದೇ ಇರೋದೇ ಕಚ್ಚಲ್ಲ."

ಆಕ್ಸಲ್ ಬಂತು, ಕೋನ್ ಬಂತು,
ಗುಂಡುಗಳು ಹಿಡಿ ಮುರಿದ ಬಟ್ಟಲಿಗೆ ಜಾರಿದವು.
ಒಂಬತ್ತು. ಈ ಕಡೆ ಎಂಟು.
ಒಂಬತ್ತನೆಯದು ಗೋಣಿಚೀಲದ ಮಡಿಕೆಯಲ್ಲಿತ್ತು,
ಬಾತ ಮೊಣಕಾಲೂರಿ ನಾನೇ ಹುಡುಕಿದೆ.
ಒಳಗಿನ ಮುಚ್ಚಳ ಉಲ್ಟಾ ತಿರುಗುತ್ತದಂತೆ,
ಗೊತ್ತಿಲ್ಲದವರು ಬಿಚ್ಚುತ್ತೇವೆಂದುಕೊಂಡು
ಬಿಗಿ ಮಾಡುತ್ತಲೇ ಹೋಗುತ್ತಾರಂತೆ.

ತೆರೆದರೆ ಗ್ರೀಸು. ಕಂಠಮಟ್ಟ.
ಡಿಸೆಂಬರಿನ ಚಳಿಗೆ ಹಳೆಯ ಬೆಲ್ಲದಂತೆ ಗಟ್ಟಿ.
"ಇದನ್ನ ಯಾರು ತುಂಬಿದ್ದು?"

ದಸರಾ ರಜೆಯಲ್ಲಿ, ಒಳ್ಳೆಯದಾಗಲೆಂದು,
ಬೆರಳಿನಿಂದ ಒತ್ತಿ ಒತ್ತಿ, ನಾನು.
ಕಿವಿ ಕೇಳದವನ ಎದುರು
ಕೇಳಿಸದವಳ ಹಾಗೆ ನಿಂತೆ.

"ಹೊಟ್ಟೆ ತುಂಬಿದ ನಾಯಿ ಕಚ್ಚುತ್ತಾ?" ಅಂದ,
ನನಗಲ್ಲ, ಸೀಮೆಎಣ್ಣೆಯ ಡಬ್ಬಿಗೆ.
ತೊಳೆದಾಗ ಕಂಡಿತು ಇನ್ನೊಂದು:
ನಾಯಿಗಳ ಬೆನ್ನು ನೂಕುವ ಕೂದಲೆಳೆಯ ಸ್ಪ್ರಿಂಗು
ಎರಡು ತುಂಡು.
ಈ ಊರಲ್ಲಿ ಅದು ಸಿಗುವುದಿಲ್ಲ.
ಮೊಳೆಗೆ ತೂಗಿದ್ದ ಹಳೆಯ ಬ್ರೇಕ್ ಕೇಬಲಿನಿಂದ
ಒಂದೇ ಒಂದು ಎಳೆ ಬಿಡಿಸಿ
ಮಾತ್ರೆಯ ಸೀಸೆಗೆ ಸುತ್ತಿ ಬಳೆ ಮಾಡಿದ.
ಮೂರನೇ ಸಲಕ್ಕೆ ಕೂತಿತು.
ನಿಲ್ಲಿಸುವುದಕ್ಕೇ ಹುಟ್ಟಿದ ತಂತಿ
ಇನ್ನು ನೂಕುವವರ ಕಡೆ.
ಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ, ನಾಲ್ಕು ತೊಟ್ಟು.
ಐದನೆಯದನ್ನು ಬಟ್ಟೆಯಿಂದ ಒರೆಸಿ ತೆಗೆದ.

ಚಕ್ರ ಕೂರಿಸಿ, ಕೋನ್ ಅಷ್ಟು ಬಿಗಿದು ಇಷ್ಟು ಸಡಿಲಿಸಿ,
ಸ್ಕ್ರೂಡ್ರೈವರಿನ ಹಿಡಿಯನ್ನು ಅಂಗಿಗೆ ಉಜ್ಜಿ
ನನ್ನ ಕಡೆ ಚಾಚಿದ.
ಕಚ್ಚಿದೆ.
ಮರ, ಉಪ್ಪು, ಸೀಮೆಎಣ್ಣೆ.
ಅವನ ಹಲ್ಲು ಕೂತು ಸವೆದ ತಗ್ಗಿನಲ್ಲಿ
ನನ್ನವೂ ಸರಿಯಾಗಿ ಕೂತವು.
ಅವನು ಚಕ್ರ ತಿರುಗಿಸಿದ.
ತಲೆಬುರುಡೆಯ ತುಂಬ ಒಂದು ಇಡೀ ಓಣಿ ಎದ್ದಿತು.

"ಎಷ್ಟಾಯಿತು?" ಅಂದೆ, ಪರ್ಸು ತೆಗೆಯುತ್ತ.
"ಮೂರೂ," ಅಂದ ಸಿಲ್ವೆಸ್ಟರ್.
"ಮೂರೂ ಎದ್ದಿವೆ."