ನಾಲ್ಕು ಅಂಕಿ

ಟೈರಿಗೂ ಒಂದು ಜಾತಕ ಇರುತ್ತದೆ.
ಪಕ್ಕೆಯ ಮೇಲೆ, ಖರ್ಜೂರದ ಬೀಜದಂಥ ಒಂದು ತಗ್ಗಿನಲ್ಲಿ
ನಾಲ್ಕು ಅಂಕಿ: ಮೊದಲೆರಡು ಹುಟ್ಟಿದ ವಾರ,
ಮತ್ತೆರಡು ವರ್ಷ.
ಓದಬಲ್ಲವರು ಮಾಪ್ಸಾದಲ್ಲಿ ಎಷ್ಟು ಜನ?
ನಾನು ಓದಬಲ್ಲೆ. ಅದೇ ತೊಂದರೆ.

ಇವಾರಿಸ್ತ್ ಪಾತ್ರಾಂವ್ ಅವರ ಓಪೆಲ್ಲಿಗೆ
ನನಗಿಂತ ಇಪ್ಪತ್ತು ವರ್ಷ ಹೆಚ್ಚು ವಯಸ್ಸು.
ಹಾಲಿಗೆ ಒಂದು ಹನಿ ಡಿಕಾಕ್ಷನ್ ಬಿದ್ದ ಬಣ್ಣ,
ಬಾಗಿಲು ಹಾಕಿದರೆ ತಿಜೋರಿ ಮುಚ್ಚಿದ ಸದ್ದು.
ಭಾನುವಾರ ಇಗರ್ಜಿಗೆ, ಆಗೀಗ ಮದುಮಕ್ಕಳಿಗೆ,
ವರ್ಷಕ್ಕೆ ಇನ್ನೂರು ಕಿಲೋಮೀಟರ್ ಓಡಿದರೆ ಹೆಚ್ಚು.
"ಓಡದ ಗಾಡಿಗೆ ಹೊಸ ಟೈರ್ ಯಾಕೋ ದಾವಲ್?" ಅಂದರು.
ಆ ಅಳತೆಯದು ಈಗ ಸುಲಭಕ್ಕೆ ಸಿಗುವುದೂ ಇಲ್ಲ.

ಮುಂಬೈ ಕುರ್ಲಾದ ಗುಜರಿಯಿಂದ ತರಿಸಿದೆ ಐದು.
ಹಲ್ಲೊಂದೂ ಸವೆದಿರಲಿಲ್ಲ,
ಉಗುರಿಟ್ಟರೆ ಪೂರ್ತಿ ಒಳಗೆ ಹೋಗುತ್ತಿತ್ತು.
ಸವೆದದ್ದು ಸಾಯುತ್ತದೆ ಅಂತ ಎಲ್ಲರಿಗೂ ಗೊತ್ತು.
ಸವೆಯದೆಯೂ ಸಾಯುತ್ತದೆ ರಬ್ಬರು,
ನಿಂತಲ್ಲೇ, ನೆರಳಲ್ಲೇ, ಯಾರಿಗೂ ಹೇಳದೆ.
ಪಕ್ಕೆಯ ತುಂಬ ಕೂದಲೆಳೆ ಬಿರುಕು;
ಅಮ್ಮನ ಹಿಮ್ಮಡಿ ನೆನಪಾಯಿತು.
ಅವಳು ರಾತ್ರಿ ಅದಕ್ಕೆ ಬಿಸಿ ಮೇಣ ತುಂಬುತ್ತಿದ್ದಳು.
ನಾನು ಕರಿ ಪಾಲಿಶ್ ಬಳಿದೆ.
ಅಂಕಿಗಳ ಮೇಲೆ ಎರಡು ಸಲ.

ಇಲ್ಲಿ ನಮ್ಮನ್ನೆಲ್ಲ ಒಟ್ಟಿಗೆ 'ಘಾಂಟಿ' ಅನ್ನುತ್ತಾರೆ,
ಗದಗವೋ ಕೊಪ್ಪಳವೋ ಯಾರೂ ಕೇಳುವುದಿಲ್ಲ.
ಹೆಸರು ಹಿಡಿದು ಕರೆಯುವವರು ಅವರೊಬ್ಬರೇ.
ಅವತ್ತೂ ಕರೆದರು. ಎಣಿಸದೆ ದುಡ್ಡು ಕೊಟ್ಟರು.

ಮೇ ತಿಂಗಳ ಮಧ್ಯಾಹ್ನ, ಪರ್ವರಿಯ ಇಳಿಜಾರು.
ಹಿಂದಿನ ಸೀಟಿನಲ್ಲಿ ತಂಗಿಯ ಮೊಮ್ಮಗಳು, ಮದುವಣಗಿತ್ತಿ,
ಗಾಳಿಗೆ ಹಾರದಂತೆ ಮುಸುಕನ್ನು ಮುಷ್ಟಿಯಲ್ಲಿ ಹಿಡಿದು.
ಮುಂದಿನ ಎಡಗಾಲಿ ಮೊದಲು ಸಿಡಿಯಲಿಲ್ಲವಂತೆ,
ಸಿಪ್ಪೆ ಬಿಟ್ಟಿತಂತೆ, ಬಾಳೆಹಣ್ಣಿನ ಹಾಗೆ:
ಅಷ್ಟೂ ಹೊಸ ಹಲ್ಲುಗಳ ಪಟ್ಟಿ ಒಂದೇ ಸಲಕ್ಕೆ ಕಿತ್ತು
ಮಡ್‌ಗಾರ್ಡಿಗೆ ಬಡಿಯುತ್ತ, ಬಡಿಯುತ್ತ,
ಆಮೇಲೆ ಸ್ಟೇರಿಂಗ್ ಅವರ ಮಾತು ಕೇಳಲಿಲ್ಲ.

ಯಾರೂ ಸಾಯಲಿಲ್ಲ.
ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೇನೆ ಇದನ್ನು!
ಒಂದು ಕಟ್ಟೆ, ಗಾಡಿಯ ಒಂದು ಕಣ್ಣು, ಅವರ ಮಣಿಕಟ್ಟು.
ಮದುಮಗಳು ಉಳಿದ ದಾರಿಗೆ ರಿಕ್ಷಾ ಹಿಡಿದಳು.

ಸೋಮವಾರ ಅವರೂ ರಿಕ್ಷಾದಲ್ಲೇ ಬಂದರು,
ಕೈ ಕೊರಳಿಗೆ ಕಟ್ಟಿಕೊಂಡು,
ಪಕ್ಕದಲ್ಲಿ ಸ್ಟೆಪ್ನಿಯನ್ನು ಮಗುವಿನಂತೆ ಕೂರಿಸಿಕೊಂಡು.
ಬೈಗುಳಕ್ಕೆ ಕಾಯುತ್ತ ಪಾನಾ ಹಿಡಿದೇ ನಿಂತೆ.
"ರಸ್ತೆ ಕಾದಿತ್ತು ದಾವಲ್. ತಪ್ಪು ನನ್ನದೇ,
ಬ್ರೇಕ್ ಜೋರಾಗಿ ಒತ್ತಿಬಿಟ್ಟೆ," ಅಂದರು.
"ಐದನೆಯದು ಇದೆಯಲ್ಲ, ಇದಕ್ಕೆ ಗಾಳಿ ಹಾಕು."

ಪೈಪು ಆಗಲೇ ಕೈಯಲ್ಲಿತ್ತು.
ಕೆಳಗಿಟ್ಟೆ. ಚಿಂದಿಯನ್ನು ಪೆಟ್ರೋಲಿಗೆ ಅದ್ದಿ
ಪಕ್ಕೆ ಒರೆಸಿದೆ. ಕಪ್ಪೆಲ್ಲ ಬಟ್ಟೆಗೆ ಬಂತು,
ನನ್ನ ಬೆರಳಿಗೆ ಬಂತು,
ನಿಧಾನಕ್ಕೆ ಎದ್ದವು ನಾಲ್ಕು ಅಂಕಿ.

"ಪಾತ್ರಾಂವ್, ಕನ್ನಡಕ ಹಾಕ್ಕೊಳ್ರಿ," ಅಂದೆ.
"ಇದನ್ನ ಓದೋದು ಹೆಂಗ ಅಂತ ಹೇಳ್ತೀನಿ."