ಡಿಕ್ಕಿ

ಯಾರದೋ ಗ್ಯಾರೇಜಿನ ಮುಂದೆ, ಹಳೆಯ ಸ್ಕೇಟುಗಳ ಪಕ್ಕ,
ಹದಿನೈದು ಡಾಲರಿಗೆ ಸಿಕ್ಕಿತ್ತು ವೈಕ್ಕೊಗೆ ಈ ಸ್ಟ್ಯಾಂಡು:
ಎರಡು ತೋಳು, ಆರು ಪಟ್ಟಿ, ಆರು ಕೊಕ್ಕೆ.
ಯಾವ ಕಾರಿಗೆ ಯಾವ ತೂತು ಎಂದು ಹೇಳುವ ಪುಸ್ತಕ ಮಾತ್ರ
ಇರಲಿಲ್ಲ. ಮಾರಿದ ಮುದುಕಿ ಅಂದಿದ್ದಳು:
ನಮ್ಮವರು ಇದ್ದಾಗ ಒಂದು ದಿನವೂ ಬಿದ್ದಿಲ್ಲ.
ಅವರು ಹೋಗಿ ಹನ್ನೊಂದು ವರ್ಷ.
ಕಪ್ಪು ಪಟ್ಟಿ ಬೂದಿಬಣ್ಣಕ್ಕೆ ತಿರುಗಿತ್ತು.

ಮಿಶಿಗನ್ನಿನ ಬಡಗು ಮೂಲೆ, ಹೌಟನ್, ಜುಲೈ ಬೆಳಗು.
ಇರ್ಯಾಳ ಬ್ಯೂಕ್ ಕಾರಿನ ಬೆನ್ನಿಗೆ ಮೊಣಕಾಲೂರಿ
ಒಂದೊಂದೇ ಕೊಕ್ಕೆಯನ್ನು ತಗಡಿನ ಅಂಚಿಗೆ ಸಿಕ್ಕಿಸಿದ,
ಮೇಲೆರಡು, ಪಕ್ಕಕ್ಕೆರಡು, ಬಂಪರಿನಡಿ ಎರಡು.
ಪೆಡಲುಗಳಿಗೆ ತನ್ನವೇ ಕಾಲುಚೀಲ ತೊಡಿಸಿದ, ಬಣ್ಣ ಗೀಚದಿರಲೆಂದು.
ಆಮೇಲೆ ಸೈಕಲ್ ಹಿಡಿದು ಜಗ್ಗಾಡಿದ:
ಕಾರೂ ಜೊತೆಗೆ ತೂಗಿದರೆ ಸರಿ,
ಸೈಕಲ್ಲೊಂದೇ ತೂಗಿದರೆ ಬಿಚ್ಚು, ಮತ್ತೆ ಕಟ್ಟು.
ಕಾರು ತೂಗಿತು.
ಇರ್ಯಾ ಕೈಕಟ್ಟಿ ನಿಂತು ನೋಡಿದಳು.
ಹಿಂದೊಬ್ಬ ಹೀಗೇ ಎಲ್ಲ ಬಿಗಿಮಾಡಿ ತೋರಿಸಿ
ಹೋಗಿದ್ದ.

ಕಾರಿನ ಬೆನ್ನಿನ ಆ ಗೂಡಿಗೂ, ಒಂದಕ್ಕೊಂದು ಗುದ್ದುವುದಕ್ಕೂ
ನಮ್ಮ ಕನ್ನಡದಲ್ಲಿ ಒಂದೇ ಮಾತು.
ಅವರಿಗೆ ಗೊತ್ತಿರಲಿಲ್ಲ.
ಗೊತ್ತಿದ್ದರೂ ಹೊರಡುತ್ತಿದ್ದರು; ರಜೆ ಇದ್ದದ್ದು ಒಂದೇ ದಿನ.

ಹಿಂದೆ ನೋಡುವ ಕೆಲಸ ಸಿಲ್ವಿಯದು, ವಯಸ್ಸು ಒಂಬತ್ತು.
ಗಾಜಿನ ತುಂಬ ತನ್ನ ಹಳದಿ ಸೈಕಲ್, ಅದರಾಚೆ ಅಮ್ಮನ ನೀಲಿ,
ಕಡ್ಡಿಗಳ ಸಂದಿಯಲ್ಲಿ ತುಂಡುತುಂಡಾಗಿ ಸರಿಯುವ ರಸ್ತೆ.
ಎದ್ದು ನಿಲ್ಲುವ ಸೇತುವೆ ದಾಟಿತು, ಗಣಿ ಮುಚ್ಚಿದ ಊರುಗಳು ದಾಟಿದವು.
ವೇಗ ಐವತ್ತು ಮೈಲಿಗೆ ಏರಿದಾಗ ಪಟ್ಟಿಯೊಂದು
ಗುಂಯ್ ಎಂದಿತು, ಬಾಟಲಿಯ ಬಾಯಿಗೆ ಊದಿದಂತೆ.
ರೇಡಿಯೋ ಹಾಕಿದರೂ ಗುಂಯ್. ಗಾಜು ಏರಿಸಿದರೂ ಗುಂಯ್.
ಇರ್ಯಾಳಿಗೆ ತಲೆನೋವು.
"ಗಾಳಿ," ಅಂದ ವೈಕ್ಕೊ. "ಅಷ್ಟೇ."

ಮೊಹಾಕ್ ದಾಟಿದ ಮೇಲೆ ಎಲ್ಲ ತಣ್ಣಗಾಯಿತು.
ಅಬ್ಬ, ಎಂದು ಇರ್ಯಾ ತಲೆ ಹಿಂದಕ್ಕೆ ಒರಗಿಸಿದಳು.
ಅವನು ಆ ದಿನ ಮೊದಲ ಸಲ ಅವಳತ್ತ ತಿರುಗಿ ನಕ್ಕ.
ಹಿಂದಿನಿಂದ ಸಿಲ್ವಿ: "ಹಾಡು ನಿಂತುಹೋಯ್ತು."
ಹಾಡಲ್ಲ ಪುಟ್ಟಿ, ಅದು...
"ನಿಂತುಹೋಯ್ತು. ಯಾಕೆ ನಿಂತಿತು?"

ಬಿಗಿಯಿದ್ದಷ್ಟು ಹೊತ್ತೂ ಗೊಣಗುತ್ತಿತ್ತು ಪಟ್ಟಿ,
ಸಡಿಲಾದದ್ದೇ ಸುಮ್ಮನಾಗಿತ್ತು.

ರಸ್ತೆಯಂಚಿನ ಜಲ್ಲಿಯಲ್ಲಿ ನಿಲ್ಲಿಸಿ ಇಳಿದರೆ
ಎಡಗಡೆಯ ಕೆಳಕೊಕ್ಕೆ ಬಂಪರ್ ಬಿಟ್ಟು ಗಾಳಿಯಲ್ಲಿ.
ನೀಲಿ ಸೈಕಲ್ ಒಂದು ಭುಜ ಇಳಿಬಿಟ್ಟು
ನೆಲಕ್ಕೆ ಗೇಣು ದೂರ. ಹೊಗೆಕೊಳವೆಯ ಮುಂದೆ ಟೈರು
ಬೆಂದು ನಾರುತ್ತಿತ್ತು.
ಹಿಂದೆಯೇ ಬರುತ್ತಿದ್ದ ದಿಮ್ಮಿ ಹೊತ್ತ ಲಾರಿ
ಉದ್ದಕ್ಕೆ ಹಾರನ್ ಎಳೆದು ಪಕ್ಕದಲ್ಲಿ ಹಾದುಹೋಯಿತು;
ಮೂವರ ಬಟ್ಟೆಯೂ ಒಂದೇ ದಿಕ್ಕಿಗೆ ಹಾರಿತು.

ವೈಕ್ಕೊ ತನ್ನನ್ನೇ ಬೈದುಕೊಂಡ, ಅಜ್ಜಿಯ ಫಿನ್ನಿಶ್ ಬೈಗುಳದಲ್ಲಿ.
ಸೀಟಿನಡಿಯಿಂದ ದೋಣಿಯ ಹಗ್ಗ ತೆಗೆದ,
ಅಪ್ಪ ಮೀನುಬಲೆಯ ಕಾಲದಲ್ಲಿ ಕಲಿಸಿದ ಗಂಟು ಹಾಕತೊಡಗಿದ.
"ಇದನ್ನು ಮನೆಯಲ್ಲೇ ಕಟ್ಟಬೇಕಿತ್ತು. ನೀನು ನೋಡುತ್ತಿದ್ದೆಯಲ್ಲ,
ಪುಕ್ಕಲ ಅಂದುಕೊಳ್ಳುತ್ತೀಯೇನೋ ಅಂತ..."
ಇರ್ಯಾ ಉತ್ತರಿಸಲಿಲ್ಲ. ಬಗ್ಗಿ,
ಅವನು ಎಳೆದು ಮುಗಿಸುವವರೆಗೂ
ಮೊದಲ ಗಂಟಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಳು.

ಅಲ್ಲಿಂದ ಎಂಟು ಮೈಲಿಗೊಮ್ಮೆ ಇಳಿದು ಜಗ್ಗಿ ನೋಡಿದರು.
ಸಿಲ್ವಿಗೆ ಕತ್ತು ನೋವು. ಗುಂಯ್ ಮರಳಿ ಬಂದಿತ್ತು,
ಯಾರೂ ರೇಡಿಯೋ ಮುಟ್ಟಲಿಲ್ಲ.

ಕಾಪರ್ ಹಾರ್ಬರಿನಲ್ಲಿ, ಸರೋವರದ ಚಳಿಗಾಳಿಯಲ್ಲಿ,
ಸ್ಟ್ಯಾಂಡು ಬಿಚ್ಚಿದಾಗ ಡಿಕ್ಕಿಯ ಅಂಚಿನಲ್ಲಿ
ಎರಡು ಬೆರಳಗಲದ ತಗ್ಗು.
ಇರ್ಯಾ ಅದರೊಳಗೆ ಬೆರಳಿಟ್ಟಳು.
"ಇದು ಮುಂಚೆ ಇತ್ತಾ?"
"ಇರಲಿಲ್ಲ," ಅಂದ ವೈಕ್ಕೊ.

ಸಿಲ್ವಿ ಪೆಡಲಿನಿಂದ ಕಾಲುಚೀಲ ಕಳಚಿ ಅವನ ಕೈಗಿಟ್ಟಳು,
ಒಂದೇ ಒಂದು.
ಇನ್ನೊಂದು ಎಲ್ಲೋ ದಾರಿಯಲ್ಲಿ ಬಿದ್ದಿತ್ತು.